ಬಕ್ಕೇಶನ ಮೂರು ಧನ್ಯವಾದ

ಮಲೆಬೆನ್ನೂರಿನ ಬಕ್ಕೇಶ್ ಬೆಳಗಿನಿಂದ ಮೂರನೆಯ ಸಲ ಧನ್ಯವಾದ ಹೇಳಿದ್ದ. ರೂಪಶ್ರೀ ಅವನ ಸಂದೇಶದ ಮೂರೂ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಇಟ್ಟು ನೋಡಿದಳು. ಮೂರರಲ್ಲೂ ಒಂದೇ ಸಾಲು: ‘ವೀಕ್ಷಿಸಿದ್ದಕ್ಕಾಗಿ ಧನ್ಯವಾದಗಳು.’ ಹೊಸ ಮೋಟಾರು ಕೂರಿಸಿ ಕೊಟ್ಟ ದಿನವೂ ಇಷ್ಟು ತಡ ಯಾಕೆ ಮಾಡಿದಿರಿ ಎಂದು ಜಗಳ ತೆಗೆದಿದ್ದ ಆಸಾಮಿ ಬಕ್ಕೇಶ್. ತನ್ನ ರೈಸ್ ಮಿಲ್ಲಿನ ಗೇಟಿನಾಚೆ ಯಾರಿಗೂ ನಮಸ್ಕಾರ ಕೂಡ ಹೇಳದವನು ಮೂರು ಸಲ ಧನ್ಯವಾದ ಹೇಳಿದ್ದಾನೆ. ಅದೂ ಏನನ್ನು ವೀಕ್ಷಿಸಿದ್ದಕ್ಕೆ?

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಆ ವರ್ಕ್‌ಶಾಪು ಅವಳ ದೊಡ್ಡಪ್ಪ ವಾಮದೇವಪ್ಪನದು. ಹರಿಹರ, ಮಲೆಬೆನ್ನೂರು ಸುತ್ತಿನ ರೈಸ್ ಮಿಲ್ಲುಗಳಲ್ಲಿ ಏನು ಕೆಟ್ಟರೂ ಇಲ್ಲಿಂದ ಹೋಗಿ ರಿಪೇರಿ ಮಾಡಬೇಕು. ಮೂವತ್ತೊಂದು ವರ್ಷದಿಂದ ಹಾಗೆ ಹೋಗುತ್ತಿದ್ದವನು ಮೆಕ್ಯಾನಿಕ್ ರೌಫ್. ಎರಡು ವರ್ಷದಿಂದ ಅವನ ಕಿವಿ ಮಂದವಾಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಯಾರು ಏನೇ ಹೇಳಲಿ, “ಆಯ್ತು ಸಾವ್ಕಾರ್ರೆ” ಎಂದು ತಲೆಯಾಡಿಸುತ್ತಿದ್ದ. ಹರಿಹರದ ಮಿಲ್ಲಿಗೆ ಈಗಲೇ ಹೊರಡು ಎಂದರೆ ಆಯ್ತು ಎಂದು ಊಟದ ಡಬ್ಬಿ ಬಿಚ್ಚಿ ಕೂತ ದಿನ ಗುಟ್ಟು ರಟ್ಟಾಯಿತು.

ವಾಮದೇವಪ್ಪ ರೂಪಶ್ರೀಯನ್ನು ಒಳಗೆ ಕರೆದು ಹೇಳಿದ್ದ. “ಈ ಸುಗ್ಗಿ ತಿಂಗಳು ನೋಡ್ತೀನವ್ವ. ಒಂದು ಮಿಲ್ಲಿನ ಕಂಪ್ಲೇಂಟ್ ತಪ್ಪಿದ್ರೂ ರೌಫ್ ಮನೀಗೆ. ನನಗೇನು ಖುಷಿ ಅಲ್ಲ ಅದು.”

ರೂಪಶ್ರೀ ಓದಿದ್ದು ಬಿ.ಕಾಂ., ಕೋಡ್ ಬರೆಯುವುದು ಅವಳಿಗೆ ಗೊತ್ತಿರಲಿಲ್ಲ. ಆದರೆ ಏನನ್ನಾದರೂ ಬಿಚ್ಚಿ ನೋಡದೆ ಬಿಡುವ ಹೆಣ್ಣಲ್ಲ ಅವಳು. ಕೋಡ್ ಇಲ್ಲದೆಯೇ, ಪರದೆಯ ಮೇಲೆ ಚೌಕಗಳನ್ನು ಎಳೆದಿಟ್ಟು ಗೆರೆಯಿಂದ ಜೋಡಿಸಿದರೆ ಕೆಲಸ ತಾನಾಗಿ ಸಾಗುವ ಒಂದು ವೆಬ್‌ಸೈಟ್ ಹುಡುಕಿದಳು. ಮೊದಲ ಚೌಕಕ್ಕೆ ಮಿಲ್ಲಿನವರು ವಾಟ್ಸಾಪಿನಲ್ಲಿ ಕಳಿಸುವ ಧ್ವನಿ ಬಂದು ಬೀಳುತ್ತದೆ. ಎರಡನೆಯದು ಎಐ, ಅದು ಧ್ವನಿಯನ್ನು ಕೇಳಿ ಅಕ್ಷರ ಮಾಡುತ್ತದೆ. ಮೂರನೆಯದು ಕೆಲಸದ ಪಟ್ಟಿಯ ಆಪ್. ಅಲ್ಲಿ ಒಂದು ಕಾರ್ಡು ಹುಟ್ಟಿ ರೌಫನ ಫೋನಿಗೆ ಹೋಗುತ್ತದೆ. ಕಿವಿ ಬೇಕಿಲ್ಲ, ಕಣ್ಣು ಸಾಕು. ಮಿಲ್ಲಿನವರ ಶುಭೋದಯ, ಧನ್ಯವಾದ, ಹಬ್ಬದ ಹಾರೈಕೆಗಳೆಲ್ಲ ರೌಫನಿಗೆ ಹೋಗದೆ ನೇರ ‘ಮುಗಿದದ್ದು’ ಎಂಬ ಸಾಲಿಗೆ ಬೀಳುವಂತೆ ಒಂದು ನಿಯಮವನ್ನೂ ಸೇರಿಸಿ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದಳು. ಇಪ್ಪತ್ತಾರು ದಿನ ಒಂದು ಕಂಪ್ಲೇಂಟೂ ತಪ್ಪಿರಲಿಲ್ಲ. ಇನ್ನು ನಾಲ್ಕೇ ದಿನ ಉಳಿದಿತ್ತು.

ಅವಳು ಬಕ್ಕೇಶನ ಧ್ವನಿಯನ್ನು ಹಾಕಿ ಕೇಳಿದಳು. ಅದರಲ್ಲಿ ಮಾತೇ ಇರಲಿಲ್ಲ. ನಲವತ್ತು ಸೆಕೆಂಡು ಬರೀ ಯಂತ್ರದ ಗರಗರ, ನಡುನಡುವೆ ಕಟ್ ಕಟ್ ಎಂಬ ಸದ್ದು. ಎರಡನೆಯದೂ ಅದೇ, ಮೂರನೆಯದೂ ಅದೇ. ಇದರಲ್ಲಿ ಧನ್ಯವಾದ ಎಲ್ಲಿಂದ ಬಂತು ಎಂಬ ಕುತೂಹಲದಲ್ಲಿ ಊಟದ ಹೊತ್ತು ಮೀರಿದ್ದೂ ತಿಳಿಯಲಿಲ್ಲ. ಹುಡುಕುತ್ತ ಹೋದಾಗ ಇಂಥದ್ದೇ ಪೇಚಿಗೆ ಸಿಕ್ಕವರು ಬರೆದುಕೊಂಡದ್ದು ಸಿಕ್ಕಿತು. ಎಐ ಮಾತು ಕಲಿತದ್ದು ರಾಶಿ ರಾಶಿ ವೀಡಿಯೊ ಕೇಳಿಯಂತೆ. ಮಾತಿಲ್ಲದ ಸದ್ದು ಬಂದರೆ ಅದಕ್ಕೆ ತಿಳಿಯುವುದಿಲ್ಲ. ಆಗ ವೀಡಿಯೊಗಳ ಕೊನೆಯಲ್ಲಿ ಎಲ್ಲರೂ ಹೇಳುವ ಮಾತನ್ನೇ ಬರೆದು ಕೈತೊಳೆದುಕೊಳ್ಳುತ್ತದಂತೆ.

ರೂಪಶ್ರೀಗೆ ನಗು ಬಂತು. ಕೇಳಿಸದಿದ್ದರೆ ಕೇಳಿಸಲಿಲ್ಲ ಅಂತ ಹೇಳಬಾರದೇ ಎಂದುಕೊಂಡಳು. ಆಮೇಲೆ ಕಿಟಕಿಯಾಚೆ ಲೇತಿನ ಮುಂದೆ ಬಗ್ಗಿ ನಿಂತಿದ್ದ ರೌಫನನ್ನು ಕಂಡು ಅವಳ ನಗು ನಿಂತಿತು.

ಅಷ್ಟರಲ್ಲಿ ವಾಮದೇವಪ್ಪ ಫೋನ್ ಹಿಡಿದುಕೊಂಡೇ ಒಳಗೆ ಬಂದ. ಸ್ಪೀಕರಿನಲ್ಲಿ ಬಕ್ಕೇಶ್ ಕೂಗಾಡುತ್ತಿದ್ದ. ಬೆಳಗಿನಿಂದ ಮೂರು ಸಲ ಕಳಿಸಿದರೂ ಒಬ್ಬರೂ ಬಂದಿಲ್ಲ, ಮಿಲ್ಲು ನಿಂತಿದೆ, ಗೇಟಿನ ಮುಂದೆ ಹದಿನೆಂಟು ಟ್ರ್ಯಾಕ್ಟರ್ ಭತ್ತ ಕಾಯುತ್ತಿದೆ. ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ ಎಂದು ರೂಪಶ್ರೀ ಕೇಳಿದಳು.

“ಹೇಳೋದೇನೈತ್ರಿ? ಇಪ್ಪತ್ತು ವರ್ಷದಿಂದ ಮಿಷನ್ ಹತ್ರ ಫೋನ್ ಹಿಡೀತೀನಿ, ರೌಫಣ್ಣ ಕೇಳಿ ಹೇಳ್ತಾನೆ. ನನಗೇನು ಗೊತ್ತಾಗತೈತೆ ಅದು.”

ವಾಮದೇವಪ್ಪ ಫೋನ್ ಇಟ್ಟು ರೌಫನನ್ನು ಕರೆಸಿದ. ತಪ್ಪು ರೌಫನದಲ್ಲ, ತಾನು ಹಾಕಿದ ನಿಯಮದ್ದು ಎಂದು ರೂಪಶ್ರೀ ಹೇಳುತ್ತಲೇ ಇದ್ದಳು. ದೊಡ್ಡಪ್ಪ ಅದಕ್ಕೆ ಕಿವಿಗೊಡಲಿಲ್ಲ. ಬಕ್ಕೇಶನ ಸದ್ದನ್ನು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಹಾಕಿಸಿ, ಏನಾಗಿದೆ ಹೇಳು ಎಂದು ರೌಫನಿಗೆ ಹೇಳಿದ.

“ಆಯ್ತು ಸಾವ್ಕಾರ್ರೆ,” ಎಂದ ರೌಫ್. ಕೈ ಒರೆಸಿಕೊಳ್ಳುತ್ತ ಅಲ್ಲೇ ನಿಂತ.

ವಾಮದೇವಪ್ಪ ತಮ್ಮನ ಮಗಳ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವಳಿಗೆ ಹೆಚ್ಚು ಸಂಕಟವಾಯಿತು. ಅವಳು ಎದ್ದು ರೌಫನ ಎದುರು ನಿಂತು ಫೋನಿನಲ್ಲಿ ಆ ಕಾರ್ಡನ್ನು ತೋರಿಸಿದಳು. ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು: “ಚಾಚಾ, ಇದು ಬಕ್ಕೇಶಣ್ಣನ ಮಿಲ್ಲಿನ ಸದ್ದು. ನಮ್ಮ ಎಐಗೆ ಕೇಳಿಸಿಲ್ಲ. ಕೇಳಿಸ್ಲಿಲ್ಲ ಅನ್ನೋಕೆ ಬರದೆ, ಧನ್ಯವಾದ ಅಂತ ಬರೆದು ಬಿಟ್ಟೈತೆ.”

ರೌಫ್ ಆ ಸಾಲನ್ನು ಓದಿದ. ಮತ್ತೊಮ್ಮೆ ಓದಿದ. ಅವನ ಮುಖ ಮೊದಲು ಕೆಂಪಾಗಿ, ಆಮೇಲೆ ಸಡಿಲಾಯಿತು. ವಾಮದೇವಪ್ಪನ ಕಡೆ ತಿರುಗಿದ.

“ಕೇಳಿಸ್ಲಿಲ್ಲ ಸಾವ್ಕಾರ್ರೆ. ಏನಂದ್ರಿ? ಇನ್ನೊಂದ್ಸಲ ಹೇಳ್ರಿ.”

ವಾಮದೇವಪ್ಪ ಇನ್ನೊಂದು ಸಲ ಹೇಳಿದ, ಹತ್ತಿರ ಬಂದು ಹೇಳಿದ. ರೌಫ್ ರೂಪಶ್ರೀಯ ಫೋನನ್ನು ತೆಗೆದುಕೊಂಡು ಆ ಸದ್ದನ್ನು ಹಾಕಿದ. ಕಿವಿಗೆ ಹಿಡಿಯಲಿಲ್ಲ. ಕಿವಿಯ ಹಿಂದಿನ ಎಲುಬಿಗೆ ಗಟ್ಟಿಯಾಗಿ ಒತ್ತಿ ಕಣ್ಣು ಮುಚ್ಚಿದ. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಅದೇ ಎಲುಬಿಗೂ ಇಟ್ಟು ಅವನು ನಿಲ್ಲುವುದನ್ನು ರೂಪಶ್ರೀ ಎಷ್ಟೋ ಸಲ ನೋಡಿದ್ದಳು, ಎಲ್ಲ ಮೆಕ್ಯಾನಿಕ್ಕರೂ ಹಾಗೇ ಎಂದುಕೊಂಡು ಸುಮ್ಮನಿದ್ದಳು. ಸದ್ದು ಮುಗಿಯಿತು. ಭತ್ತವನ್ನು ಮೇಲಕ್ಕೆತ್ತುವ ಎಲಿವೇಟರಿನ ಕೆಳಗಿನ ಬೇರಿಂಗ್, ಎಡಗಡೆಯದು, ಎಂದ ರೌಫ್. ಗಾಳಿಯಲ್ಲಿ ಬರುವ ಸದ್ದು ತನಗೆ ಸಿಗುವುದಿಲ್ಲ, ಎಲುಬಿಗೆ ತಾಗಿದರೆ ಸಿಗುತ್ತದೆ ಎಂದೂ ಹೇಳಿದ.

ನೋಡೋಣ ನಡಿ ಎಂದ ವಾಮದೇವಪ್ಪ. ರೌಫ್ ಹೊಸ ಬೇರಿಂಗ್ ಇಟ್ಟುಕೊಂಡು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತ. ಹರಿಹರ ದಾಟಿ ಗದ್ದೆಗಳು ಶುರುವಾದ ಮೇಲೆ ವಾಮದೇವಪ್ಪ ಪಕ್ಕದಲ್ಲಿದ್ದ ರೂಪಶ್ರೀಗೆ ಹೇಳಿದ.

“ನೀನು ನನ್ನ ಕಟುಕ ಅಂದ್ಕೊಂಡೀಯ. ಓಡೋ ಬೆಲ್ಟಿನ ಹತ್ರ ಕೈ ಇಡೋ ಕೆಲಸ ಅದು. ಬಿಡು ಬಿಡು ಅಂತ ಯಾರೋ ಕೂಗಿದ್ದು ಇವನಿಗೆ ಕೇಳಿಸ್ದೆ ಕೈ ಹೋದ್ರೆ, ಅವನ ಹೆಂಡ್ತಿ ಬಿಲ್ಕೀಸಮ್ಮಗೆ ನಾನು ಹೆಂಗೆ ಮುಖ ತೋರಿಸ್ಲಿ?”

ಈ ಮಾತು ರೂಪಶ್ರೀಯ ಯಾವ ಚೌಕಕ್ಕೂ ಸಿಗುವಂಥದ್ದಾಗಿರಲಿಲ್ಲ.

ಮಿಲ್ಲಿನಲ್ಲಿ ಬೇರಿಂಗ್ ಬಿಚ್ಚಿದಾಗ ಒಳಗಿನ ಗುಂಡುಗಳು ಹುರಿಗಡಲೆಯಂತೆ ಒಡೆದು ಕೆಳಗೆ ಉದುರಿದವು. ಎಡಗಡೆಯದೇ. ಬಕ್ಕೇಶ್ ನೋಡಿ ಹೂಂ ಎಂದ, ಧನ್ಯವಾದ ಹೇಳಲಿಲ್ಲ. ಹೊಸದನ್ನು ಕೂರಿಸಿ ಮಿಲ್ಲು ಚಾಲೂ ಮಾಡಿದ ಕೂಡಲೇ ಆ ದೊಡ್ಡ ಶೆಡ್ಡು ಪೂರ್ತಿ ಸದ್ದಿನಿಂದ ತುಂಬಿತು. ನೆಲವೇ ನಡುಗುತ್ತಿತ್ತು. ರೌಫ್ ಎಲಿವೇಟರಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಹುಷಾರು, ಬೆಲ್ಟು, ಎಂದು ವಾಮದೇವಪ್ಪ ಕೂಗಿದ. ಪಕ್ಕದಲ್ಲಿದ್ದ ರೂಪಶ್ರೀಗೇ ಅದು ಕೇಳಿಸಲಿಲ್ಲ.

ಅಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಆದರೂ ಎಲ್ಲರೂ ಮಾತಾಡುತ್ತಿದ್ದರು. ಇಪ್ಪತ್ತು ಅಡಿ ದೂರ ಸ್ವಿಚ್ಚಿನ ಹತ್ತಿರ ನಿಂತ ಬಕ್ಕೇಶ್ ರೌಫನ ಕೈಯನ್ನೇ ನೋಡುತ್ತಿದ್ದ. ರೌಫ್ ಮುಷ್ಟಿ ಎತ್ತಿದರೆ ಮೋಟಾರು ನಿಂತಿತು, ಬೆರಳು ತಿರುಗಿಸಿದರೆ ಹೊರಟಿತು. ಬಕ್ಕೇಶ್ ಬೆಲ್ಟಿನ ಕಡೆ ಕಣ್ಣು ಮಾಡಿ ಅಂಗೈಯನ್ನು ಒಮ್ಮೆ ಮಗುಚಿದ. ರೌಫ್ ಬೇಡವೆಂದು ತಲೆಯಾಡಿಸಿದ. ಮೂಟೆ ಹೊರುವವರೂ ಹಾಗೇ ಕೈಯಲ್ಲೇ ಕರೆದು ಕೈಯಲ್ಲೇ ತಡೆಯುತ್ತಿದ್ದರು. ನಡುವೆ ನಿಂತ ವಾಮದೇವಪ್ಪ ಮಾತ್ರ ಅವರ ಮುಖ ಇವರ ಮುಖ ನೋಡುತ್ತಿದ್ದ.

ಮೋಟಾರು ಒಂದು ಗಳಿಗೆ ನಿಂತಾಗ, ಅದೇನು ಕೈ ಮಗುಚಿದ್ದು ಎಂದು ಅವನು ಕೇಳಿದ.

“ಅದಾ? ನಾಳೆ ಅಂತ. ಬೆಲ್ಟು ನಾಳೆ ಬದಲಿಸೋಣೇನು ಅಂತ ಕೇಳ್ದೆ, ಬ್ಯಾಡ ಅಂದ,” ಎಂದ ಬಕ್ಕೇಶ್. “ಮಿಲ್ಲಿನಾಗೆ ಕಿವಿ ನೆಚ್ಚಿಕೊಂಡ್ರೆ ಕೈ ಉಳಿಯಲ್ರಿ.”

ಮಿಲ್ಲು ಮತ್ತೆ ಹೊರಟಿತು. ರೂಪಶ್ರೀ ಭತ್ತದ ಮೂಟೆಯ ಮೇಲೆ ಕೂತು ಮೊಬೈಲಿನಲ್ಲಿ ತನ್ನ ಚೌಕಗಳನ್ನು ತೆರೆದಳು. ಎರಡನೆಯ ಚೌಕದಲ್ಲಿ ಎಐಗೆ ಹೊಸದಾಗಿ ಹೇಳಿದಳು: ಮಾತು ಸಿಗದಿದ್ದರೆ ಊಹಿಸಬೇಡ, ‘ಕೇಳಿಸಲಿಲ್ಲ’ ಎಂದು ಬರಿ. ಅಂಥ ಸದ್ದು ಇದ್ದ ಹಾಗೇ ಹೋಗಲೆಂದು ಅಲ್ಲಿಂದ ಒಂದು ಗೆರೆ ಎಳೆದು, ಗೆರೆಯ ತುದಿಗೆ ಇನ್ನೊಂದು ಚೌಕ ಇಟ್ಟಳು. ಅದಕ್ಕೆ ‘ರೌಫ್ ಚಾಚಾ’ ಎಂದು ಹೆಸರು ಕೊಟ್ಟಳು. ನಾಲ್ಕು ದಿನದ ಮೇಲೆ ಆ ಗೆರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ಹೆದರಿಕೆಯಾಗಿ ತಲೆಯೆತ್ತಿದಳು.

ವಾಮದೇವಪ್ಪ ರೌಫನ ಎದುರಿಗೆ ಹೋಗಿ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ರೌಫ್ ಗ್ರೀಸು ಮೆತ್ತಿದ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತ ಕಾದ. ಈ ಸಲ ಆಯ್ತು ಎನ್ನಲಿಲ್ಲ.

ವಾಮದೇವಪ್ಪ ಬೆರಳನ್ನು ರೌಫನ ಕಡೆ ತೋರಿಸಿ, ವರ್ಕ್‌ಶಾಪಿರುವ ದಾವಣಗೆರೆಯ ದಿಕ್ಕಿಗೆ ತೋರಿಸಿದ. ಆಮೇಲೆ ಅಂಗೈಯನ್ನು ಮಗುಚಿದ. ರೌಫ್ ಹುಬ್ಬು ಗಂಟಿಕ್ಕಿ ತಾನೂ ಒಮ್ಮೆ ಮಗುಚಿ, ನಾಳೆ ಅಷ್ಟೇನಾ ಎಂಬಂತೆ ನೋಡಿದ.

ವಾಮದೇವಪ್ಪ ಮತ್ತೆ ಮಗುಚಿದ. ಮತ್ತೆ, ಮತ್ತೆ ಮಗುಚುತ್ತಲೇ ಇದ್ದ.