ಬಿಗಿದಷ್ಟೂ ನಡುಗಿದ ಮನೆ

ನಾನು ಒಂದು ಕಂಪನ ಮಾಪಕ. ಗಾತ್ರದಲ್ಲಿ ಗೋಟಡಿಕೆಯಷ್ಟು, ಹೊಟ್ಟೆಯಡಿ ಅಯಸ್ಕಾಂತ, ಬೆನ್ನಿಗೊಂದು ವಾಯರಿನ ಬಾಲ. ಯಂತ್ರದ ನಡುಕ ನೆಲಕ್ಕೆಷ್ಟು ಇಳಿಯಿತು, ಕಟ್ಟಡಕ್ಕೆಷ್ಟು ಹತ್ತಿತು ಎಂದು ಹೇಳುವುದೇ ನನ್ನ ಕಸುಬು. ಪುಣೆಯ ಕಾರ್ಖಾನೆಯಲ್ಲಿ ಹುಟ್ಟಿ, ಕಾಲೇಜೊಂದರ ಗಾಜಿನ ಕಪಾಟು ಸೇರಿದೆ. ಅಲ್ಲಿ ಆಯುಧಪೂಜೆಗೆ ಕುಂಕುಮ ಹಚ್ಚುತ್ತಿದ್ದರೇ ಹೊರತು ಕೆಲಸ ಕೊಟ್ಟವರಿಲ್ಲ. ಕೊನೆಗೆ ಹರಾಜಿನಲ್ಲಿ ಇಂಜಿನಿಯರ್ ಕುಮುದಿನಿ ಮೇಡಂ ನನ್ನನ್ನು ಕೊಂಡು, ಕುಂಕುಮ ಒರೆಸಿ ಕೆಲಸಕ್ಕೆ ಹಚ್ಚಿದರು.

ಮೊದಲು ಒಯ್ದದ್ದು ಗದಗಿನ ಮುರಿಗೆಪ್ಪನ ಹಿಟ್ಟಿನ ಗಿರಣಿಗೆ. ಮೇಲಿನ ಮನೆಯಲ್ಲಿ ಕಟ್ಟಡದ ಒಡತಿ ಅಂಬಕ್ಕ ಇದ್ದಳು. ಅವಳಿಗೆ ಕಿವಿ ಪೂರ್ತಿ ಮಂದ, ಗಿರಣಿಯ ಸದ್ದು ಕೇಳಿಸುತ್ತಲೇ ಇರಲಿಲ್ಲ. ಆದರೆ ಮಂಚ ನಡುಗುತ್ತಿತ್ತು. ಗೋಡೆಯ ಮಾಡದಲ್ಲಿನ ತಂಬಿಗೆಗಳು ತಾವಾಗಿಯೇ ನಡೆದು ಬಂದು ಬೀಳುತ್ತಿದ್ದವು. "ಸೋಮವಾರದೊಳಗ ನಡುಗೂದು ನಿಲ್ಲಲಿಲ್ಲಂದ್ರ ಗಿರಣಿ ಎತ್ತು" ಎಂದುಬಿಟ್ಟಿದ್ದಳು. ಗಿರಣಿ ಎತ್ತಿದರೆ ಮುರಿಗೆಪ್ಪನಿಗೆ ಬೇರೆ ಬದುಕಿಲ್ಲ. ಪಾಪ, ಅವನೇನು ಸುಮ್ಮನೆ ಕೂತಿರಲಿಲ್ಲ. ಅಂಬಕ್ಕ ಬೈದಾಗಲೆಲ್ಲ ಪಾನಾ ಹಿಡಿದು ಯಂತ್ರದ ಕಾಲಿನ ಬೋಲ್ಟುಗಳನ್ನು ಇನ್ನಷ್ಟು ಬಿಗಿಯುತ್ತಿದ್ದ.

ಮೇಡಂ ನನ್ನನ್ನು ಯಂತ್ರದ ಕಾಲಿಗೆ ಅಂಟಿಸಿದರು, ಆಮೇಲೆ ಮೇಲಿನ ಮನೆಯನ್ನು ಹೊತ್ತ ಕಬ್ಬಿಣದ ತೊಲೆಗೆ. ಕಂಡದ್ದನ್ನು ಕಂಡ ಹಾಗೆ ಹೇಳಿದೆ: ಯಂತ್ರ ಅಲುಗಾಡದಂತೆ ಬಿಗಿದಷ್ಟೂ ಅದರ ನಡುಕವೆಲ್ಲ ಕಟ್ಟಡಕ್ಕೆ ಹೋಗುತ್ತಿದೆ. ಮೇಡಂ ಬೋಲ್ಟು ಸಡಿಲಿಸಿ ಕಾಲುಗಳ ಕೆಳಗೆ ದಪ್ಪ ರಬ್ಬರು ಇಡಿಸಿದರು. ಯಂತ್ರ ನಿಂತಲ್ಲೇ ಕುಣಿಯತೊಡಗಿತು. ತೊಲೆಗೆ ಅಂಟಿಕೊಂಡಿದ್ದ ನನಗೆ ಅಲುಗಾಟವಿಲ್ಲದೆ ಜೋಂಪು ಹತ್ತಿತು.

ಮುರಿಗೆಪ್ಪನಿಗೆ ಮಾತ್ರ ಮಾನ ಹೋದಂತಾಯಿತು. "ಗಿರಾಕಿ ನೋಡಿದ್ರ ಏನಂದಾರ್ರೀ ಮೇಡಂ? ಮುರಿಗೆಪ್ಪನ ಮಷೀನಿಗೆ ಕಾಲು ಗಟ್ಟಿ ಇಲ್ಲಂತಾರ."

ಮೇಡಂ ಚಹಾ ಕುಡಿಯಲು ಹೋದದ್ದೇ ತಡ, ರಬ್ಬರಿನ ಮೇಲೆಯೇ ಬೋಲ್ಟು ಬಿಗಿದುಬಿಟ್ಟ. ತೊಲೆಯ ಮೇಲೆ ನಾನು ಗಡಗಡ ನಡುಗಿದೆ. ಮೇಲೆ ತಂಬಿಗೆಯೊಂದು ಬಿತ್ತು. ಮೇಡಂ ಬಂದು ನನ್ನ ಬಾಲಕ್ಕೆ ಜೋಡಿಸಿದ್ದ ಮೀಟರು ನೋಡಿದರು, ಅವನನ್ನು ನೋಡಿದರು, ಮತ್ತೆ ಬೋಲ್ಟು ಸಡಿಲಿಸಿದರು.

ಸೋಮವಾರ ಅಂಬಕ್ಕ ಮಂಚದ ಮೇಲೆ ಕಾಲು ಚಾಚಿ ಪರೀಕ್ಷೆಗೆ ಕೂತಳು. ಕೆಳಗೆ ಒಂದು ಚೀಲ ಜೋಳ ಬೀಸಿ ಮುಗಿಯುತ್ತ ಬಂತು. ಆಗ ಕಿಟಕಿಯಿಂದ ಕೂಗಿದಳು: "ಏ ಮುರಿಗೆಪ್ಪ, ಎಷ್ಟೊತ್ತು ಕುಂದ್ರಬೇಕೋ? ಲಗೂನ ಚಾಲೂ ಮಾಡು."

ಮುರಿಗೆಪ್ಪ ಅಳುವವನಂತೆ ನಕ್ಕ. ಗಿರಣಿ ಆಗಲೇ ನಡೆದಿದೆಯೆಂದು ಅವನು ಕೈಸನ್ನೆ ಮಾಡಿದರೂ ನಂಬದೆ ಅಂಬಕ್ಕ ಮೆಟ್ಟಿಲಿಳಿದು ಬಂದಳು. ಯಂತ್ರದ ಕುಣಿತ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಆತು, ಇಲ್ಲೇ ಇರು. ಆದ್ರ ಈ ಪರಿ ಕುಣಿತೈತಲ್ಲೋ, ಬೋಲ್ಟು ಒಂಚೂರು ಬಿಗಿ."

ಮುರಿಗೆಪ್ಪನ ಕೈ ಪಾನಾದತ್ತ ಹೋಯಿತು. ಮೇಡಂ ಅದನ್ನು ಕಸಿದು ತಮ್ಮ ಚೀಲಕ್ಕೆ ಹಾಕಿಕೊಂಡರು.

ಈಗ ನನ್ನ ಬಾಲ ಹರಿದಿದೆ. ಮೇಡಂ ಮೇಜಿನ ಖಾನೆಯಲ್ಲಿ ಮಲಗಿದ್ದೇನೆ. ಗಿರಣಿ ಅಲ್ಲೇ ನಡೆದಿದೆ, ಮೇಡಂ ಮನೆಯ ರೊಟ್ಟಿಯ ಹಿಟ್ಟೂ ಅಲ್ಲಿಯದೇ. ಅಲುಗದೆ ನಿಂತವರನ್ನು ಲೋಕ ಹೊಗಳುತ್ತದೆ. ಅವರ ನಡುಕ ಯಾರ ಮನೆಗೆ ಹೋಯಿತೆಂದು ಕೇಳುವುದಿಲ್ಲ. ನಾನು ಕೇಳುತ್ತಿದ್ದೆ. ಅಷ್ಟು ಸಾಕು ನನಗೆ.