ಬ್ಯಾಗು ಹೋದಲ್ಲೆಲ್ಲ

ಮಗುವಿನ ಬ್ಯಾಗು ತುಂಬುವುದರಲ್ಲಿ ಆಂಜೆಲಾ ಬಾಯಿಯ ಕೈಯನ್ನು ಮೀರಿಸುವವರಿರಲಿಲ್ಲ. ಮೂವತ್ತೊಂದು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಿಯಾದ ಕೈ ಅದು. ಎರಡು ಗಂಟೆಗೆ ಒಂದರಂತೆ ಡೈಪರ್, ಮೇಲೆ ಎರಡು ಹೆಚ್ಚು. ರಬ್ಬರ್ ಶೀಟು ಎಲ್ಲಕ್ಕಿಂತ ಮೇಲೆ, ಯಾಕೆಂದರೆ ಮೊದಲು ಬೇಕಾಗುವುದು ಅದೇ. ಬದಿಯ ಕಿಸೆಯಲ್ಲಿ ಬಿಸಿನೀರಿನ ಫ್ಲಾಸ್ಕು, ಇನ್ನೊಂದು ಬದಿಯಲ್ಲಿ ರಾಗಿ ಮಣ್ಣಿಯ ಡಬ್ಬಿ. ಎರಡು ಜೊತೆ ಅಂಗಿ, ಟೋಪಿ, ಹಳೆಯ ಸೀರೆ ಹರಿದು ಮಾಡಿದ ಮೆತ್ತನೆಯ ಬಟ್ಟೆ, ಕೆಂಪಾದ ಚರ್ಮಕ್ಕೆ ಹಚ್ಚುವ ಮುಲಾಮು, ಕೊಳೆಯಾದದ್ದನ್ನು ಕಟ್ಟಿ ತರಲು ಪ್ಲಾಸ್ಟಿಕ್ ಚೀಲ. ಕೊನೆಗೆ ತನಗೊಂದು ರವಿಕೆ. ಮಗು ಕಕ್ಕಿದರೆ ಅಜ್ಜಿಯೂ ಬಟ್ಟೆ ಬದಲಿಸಬೇಕಲ್ಲ.

ಏವಾಳಿಗೆ ಈಗ ಎಂಟು ತಿಂಗಳು. ಮಗಳು ಶರೋನಳ ಹೆರಿಗೆ ರಜೆ ಮುಗಿದು ಅವಳು ಮಣಿಪಾಲದ ಕಂಪೆನಿಗೆ ಹೋಗಲು ಶುರುಮಾಡಿದಾಗ ಆಂಜೆಲಾ ಬಾಯಿ ಕಾಪುವಿನ ಮನೆಯನ್ನು ಮಗ ಕ್ಲಾಯ್ಡ್ ಮತ್ತು ಸೊಸೆಗೆ ಬಿಟ್ಟು ಅಂಬಲಪಾಡಿಯ ಫ್ಲ್ಯಾಟಿಗೆ ಬಂದಿದ್ದರು. ಅದಾಗಿ ಎರಡು ತಿಂಗಳು ಕಳೆದಿತ್ತು. ಕುವೈತಿನಲ್ಲಿರುವ ಅಳಿಯ ಕಾರ್ಲ್ ಪ್ರತಿ ಶುಕ್ರವಾರ ಫೋನ್ ಮಾಡುತ್ತಿದ್ದ. "ಮಮ್ಮಿ, ನೀವಿರುವಾಗ ನಮಗೆ ಎಂತ ಟೆನ್ಶನ್ನೂ ಇಲ್ಲ" ಎನ್ನುತ್ತಿದ್ದ. ಆ ಮಾತು ಆಂಜೆಲಾ ಬಾಯಿಗೆ ಇಡೀ ವಾರಕ್ಕೆ ಸಾಕಾಗುತ್ತಿತ್ತು.

ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗು ಎಂದಿದ್ದ ಶರೋನ್, ಒಂದು ಮನೆಗೆ ಮಾತ್ರ ಬೇಡ ಎಂದಿದ್ದಳು. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿರುವ ಕಾರ್ಲ್‌ನ ತಾಯಿಯ ಮನೆಗೆ. ಮಗುವಿಗೆ ಎರಡು ತಿಂಗಳಿರುವಾಗ ಆ ಅಜ್ಜಿ ಇಮೆಲ್ಡಾ, ಶರೋನ್ ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಬಜೆ ತೇಯ್ದು ಜೇನಿನಲ್ಲಿ ಕಲಸಿ ನೆಕ್ಕಿಸಿದ್ದರು. ಪ್ರೀತಿಯಿಂದಲೇ. ಸಂಜೆಯೊಳಗೆ ಮಗು ವಾಂತಿ ಮಾಡಿ ಸೋತು ಬಿದ್ದು, ಮೂರು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಕೊಟ್ಟಿಲ್ಲ, ಕೊಟ್ಟಿಲ್ಲ ಎಂದೇ ಹೇಳುತ್ತಿದ್ದ ಇಮೆಲ್ಡಾ ಎರಡನೆಯ ದಿನ ಒಪ್ಪಿಕೊಂಡರು. ಜೇನು ಕೊಟ್ಟದ್ದನ್ನು ಶರೋನ್ ಕ್ಷಮಿಸುತ್ತಿದ್ದಳೋ ಏನೋ. ಸುಳ್ಳು ಹೇಳಿದ್ದನ್ನು ಕ್ಷಮಿಸಲಿಲ್ಲ.

ಆ ಇಮೆಲ್ಡಾ ಒಂದು ಮಧ್ಯಾಹ್ನ ಆಂಜೆಲಾ ಬಾಯಿಗೆ ಫೋನ್ ಮಾಡಿದರು.

"ಗರ್ಭಕೋಶದಲ್ಲಿ ಗಡ್ಡೆ ಉಂಟಂತೆ. ಮುಂದಿನ ವಾರ ಆಪರೇಶನ್. ಎಂತ ಆಗ್ತದೆ ಅಂತ ಯಾರಿಗೆ ಗೊತ್ತು? ಒಮ್ಮೆ ಮಗುವಿನ ಮುಖ ನೋಡಿದರೆ ಸಾಕಿತ್ತು, ಆಂಜೆಲಾ ಬಾಯಿ. ನಾನು ಮುಟ್ಟುವುದಿಲ್ಲ ಬೇಕಾದರೆ."

ಮುಟ್ಟುವುದಿಲ್ಲ ಎಂಬ ಆ ಮಾತೇ ಆಂಜೆಲಾ ಬಾಯಿಯನ್ನು ಸೋಲಿಸಿದ್ದು. ಎರಡು ದಿನ ಯೋಚಿಸಿದರು. ಮಗಳನ್ನು ಕೇಳಿದರೆ ಬೇಡ ಎನ್ನುತ್ತಾಳೆ. ಬೇಡ ಎಂದ ಮೇಲೆ ಹೋಗಲಾಗುವುದಿಲ್ಲ. ಕೇಳದಿದ್ದರೆ ಹೋಗಬಹುದು. ತಾನು ಪಕ್ಕದಲ್ಲೇ ಇರುವಾಗ ಮಗುವಿನ ಬಾಯಿಗೆ ಏನೂ ಹೋಗದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಬುಧವಾರ ಬೆಳಿಗ್ಗೆ ಬ್ಯಾಗು ತುಂಬಿದರು. ಅಂದು ಡೈಪರ್ ಆರು ಇಟ್ಟರು. ಶರೋನಳ ಸ್ಕೂಟರ್ ಹೋಗಿ ಒಂದು ಗಂಟೆಯ ಮೇಲೆ, ಪರಿಚಯದ ಶೇಖರ ಕಾರು ತಂದು ಗೇಟಿನ ಬಳಿ ನಿಲ್ಲಿಸಿದ.

"ಇವತ್ತು ದೂರ ಉಂಟಾ ಬಾಯಮ್ಮ? ಬ್ಯಾಗು ದಪ್ಪ ಕಾಣ್ತದೆ."

"ಕಾರ್ಕಳಕ್ಕೆ. ನಿಧಾನ ಬಿಡು, ಮಗು ಮಲಗ್ತದೆ."

ಕುಕ್ಕುಂದೂರಿನಲ್ಲಿ ಇಮೆಲ್ಡಾ ಅಂಗಳಕ್ಕೇ ಬಂದು ನಿಂತಿದ್ದರು. ತುಂಬಾ ಇಳಿದುಹೋಗಿದ್ದರು. ಮಗುವನ್ನು ನೋಡಿದವರು ಕೈಯನ್ನು ಹಿಂದೆ ಕಟ್ಟಿಕೊಂಡರು. ಆಂಜೆಲಾ ಬಾಯಿಯೇ "ತೆಗೆದುಕೊಳ್ಳಿ" ಎಂದು ಮಗುವನ್ನು ಅವರ ತೋಳಿಗೆ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಡೈಪರ್ ಬದಲಿಸಬೇಕಾಯಿತು.

"ನಾನು ಮಾಡಬಹುದಾ?" ಇಮೆಲ್ಡಾ ಕೇಳಿದರು.

ಆಂಜೆಲಾ ಬಾಯಿ ರಬ್ಬರ್ ಶೀಟು ಹಾಸಿಕೊಟ್ಟರು. ಇಮೆಲ್ಡಾ ಡೈಪರನ್ನು ಹಿಂದುಮುಂದಾಗಿ ಹಾಕಿ, ಅಂಟು ಎಲ್ಲಿ ಎಂದು ಹುಡುಕಿ, ತಾವೇ ನಕ್ಕು, ಹಾಗೇ ಅತ್ತರು. ಊಟದ ಹೊತ್ತಾದರೂ ಮಗುವಿಗೆ ಏನಾದರೂ ಕೊಡಲೇ ಎಂದು ಒಂದು ಸಲವೂ ಕೇಳಲಿಲ್ಲ. ಬಿಸಿನೀರು, ಮಣ್ಣಿ ಎಲ್ಲ ಬ್ಯಾಗಿನದೇ. ಒಂದೂವರೆ ಗಂಟೆ ಇದ್ದು ಹೊರಟರು.

ಸಂಜೆ ಶರೋನ್ ಬಂದವಳು ಚಪ್ಪಲಿ ಬಿಡುತ್ತ ಕೇಳಿದಳು, "ಇವತ್ತು ಎಲ್ಲಿಗಾದರೂ ಹೋಗಿದ್ದಿಯಾ ಮಮ್ಮಿ?"

"ಕಾಪು ಬೀಚಿಗೆ. ನನ್ನ ವಾರ್ಡಿನಲ್ಲಿದ್ದ ಜೋನ್ ಬಂದಿದ್ದಳು, ಅವಳೊಟ್ಟಿಗೆ."

"ಗಾಳಿ ಇತ್ತಾ?"

"ಸ್ವಲ್ಪ. ಟೋಪಿ ಹಾಕಿದ್ದೆ."

ಶರೋನ್ ಮಗುವಿನ ಹಣೆ ಮುಟ್ಟಿ ನೋಡಿ, ಬೇರೇನೂ ಕೇಳದೆ ಸ್ನಾನಕ್ಕೆ ಹೋದಳು. ಸುಳ್ಳು ಇಷ್ಟು ಸುಲಭವೇ ಎಂದು ಆಂಜೆಲಾ ಬಾಯಿಗೆ ಅನಿಸಿತು.

ಮರುದಿನ ಎಂಟೂವರೆಯಾದರೂ ಶರೋನ್ ಕೆಲಸಕ್ಕೆ ಹೊರಡಲಿಲ್ಲ. ಊಟದ ಮೇಜಿನ ಮೇಲೆ ಏವಾಳ ಬ್ಯಾಗಿತ್ತು. ಅದರಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆದು ಬದಿಗಿಟ್ಟಿದ್ದಳು.

"ಕೂತುಕೋ ಮಮ್ಮಿ. ನಿನ್ನೆ ಎಲ್ಲಿಗೆ ಹೋಗಿದ್ದೆ, ಇನ್ನೊಮ್ಮೆ ಹೇಳು."

ಆಂಜೆಲಾ ಬಾಯಿ ಕೂತರು. ಶರೋನ್ ಫೋನು ಮುಂದೆ ಇಟ್ಟಳು. ಅದರಲ್ಲೊಂದು ನಕ್ಷೆ, ನಕ್ಷೆಯ ಮೇಲೊಂದು ನೀಲಿ ಗೆರೆ. ಅಂಬಲಪಾಡಿಯಿಂದ ಹೊರಟ ಗೆರೆ ಕುಕ್ಕುಂದೂರಿನಲ್ಲಿ ನಿಂತು ತಿರುಗಿ ಬಂದಿತ್ತು. ಹೊರಟದ್ದು, ನಿಂತದ್ದು, ಬಂದದ್ದು, ಎಲ್ಲದಕ್ಕೂ ಗಂಟೆ ನಿಮಿಷ ಇತ್ತು.

"ಶೇಖರ ಹೇಳಿದನಾ?"

"ಯಾರೂ ಹೇಳಲಿಲ್ಲ."

ಶರೋನ್ ಬ್ಯಾಗಿನ ತಳಕ್ಕೆ ಕೈ ಹಾಕಿ, ಅಸ್ತರಿನ ಹೊಲಿಗೆಯನ್ನು ಉಗುರಿನಿಂದ ಬಿಡಿಸಿ, ಐದು ರೂಪಾಯಿ ನಾಣ್ಯದಷ್ಟಿನ ಒಂದು ಬಿಳಿ ಬಿಲ್ಲೆಯನ್ನು ತೆಗೆದಳು. ಬ್ಯಾಗು ಎಲ್ಲಿಗೆ ಹೋದರೂ ಫೋನಿನಲ್ಲಿ ತೋರಿಸುವ ಯಂತ್ರ. ಆ ಹೊಲಿಗೆಯನ್ನು ಆಂಜೆಲಾ ಬಾಯಿ ಗುರುತಿಸಿದರು. ಹೋದ ತಿಂಗಳು ಅಸ್ತರು ಬಿಟ್ಟಿದೆಯೆಂದು ಕನ್ನಡಕ ಹಾಕಿ ಕೂತು ಅದನ್ನು ಹೊಲಿದದ್ದು ಅವರೇ. ಒಳಗೆ ಗಟ್ಟಿಯಾಗಿ ಕೈಗೆ ಸಿಕ್ಕಿದ್ದನ್ನು ಬ್ಯಾಗಿನದೇ ಗುಂಡಿ ಎಂದುಕೊಂಡಿದ್ದರು.

"ಇದು ಯಾವಾಗಿನಿಂದ?"

"ನಾನು ಡ್ಯೂಟಿಗೆ ಹೋದ ಮೊದಲ ದಿನದಿಂದ."

ನಿನ್ನೆಯಿಂದ ಎಂದಿದ್ದರೆ ಆಂಜೆಲಾ ಬಾಯಿ ತಲೆ ತಗ್ಗಿಸುತ್ತಿದ್ದರು. ಮೊದಲ ದಿನದಿಂದ ಎಂದಾಗ ತಲೆ ಎತ್ತಿ ಮಗಳನ್ನೇ ನೋಡಿದರು. ತಾನು ಯಾವ ತಪ್ಪನ್ನೂ ಮಾಡುವ ಮೊದಲೇ ಮಗಳು ಇದನ್ನು ಅಡಗಿಸಿ ಇಟ್ಟಿದ್ದಳು. ಎರಡು ತಿಂಗಳು ತಾನು ಹೋದಲ್ಲೆಲ್ಲ ಅದು ಬಂದಿತ್ತು. ಮೀನು ಮಾರ್ಕೆಟ್ಟಿಗೆ, ಚುಚ್ಚುಮದ್ದಿಗೆ. ಗಂಡ ಜೋಕಿಮ್‌ನ ಮರಣದ ವಾರ್ಷಿಕದಂದು ಯಾರಿಗೂ ಹೇಳದೆ ಕಾಪುವಿನ ಚರ್ಚಿನ ಸಿಮಿತ್ರಿಗೆ ಹೋಗಿ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಂದು ಗಂಟೆ ಅವನ ಗೋರಿಯ ಬದಿಯಲ್ಲಿ ಕೂತಿದ್ದರು. ಅಲ್ಲಿಗೂ.

"ಕಾರ್ಲ್‌ಗೆ ಗೊತ್ತುಂಟಾ?"

"ಅವನ ಫೋನಿನಲ್ಲೂ ಕಾಣ್ತದೆ."

ಎಂತ ಟೆನ್ಶನ್ನೂ ಇಲ್ಲ ಎನ್ನುತ್ತಿದ್ದವನು ನೋಡುತ್ತ ನೋಡುತ್ತಲೇ ಹಾಗೆ ಹೇಳುತ್ತಿದ್ದ.

"ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಮಗುವನ್ನು ನನ್ನ ಕೈಯಲ್ಲಿ ಯಾಕೆ ಕೊಟ್ಟದ್ದು? ಮೂವತ್ತೊಂದು ವರ್ಷ ಊರಿನವರು ತಮ್ಮ ಮಕ್ಕಳನ್ನು ನನ್ನ ಕೈಯಲ್ಲಿ ಬಿಟ್ಟು ಹೋಗಿದ್ದಾರೆ, ಶರೋನ್."

"ನಂಬಿಕೆಯ ವಿಷಯ ಅಲ್ಲ. ಹೆದರಿಕೆ. ಆಸ್ಪತ್ರೆಯಲ್ಲಿ ಅವಳು ಕಣ್ಣು ಬಿಡದೆ ಮಲಗಿದ್ದದ್ದು ನನ್ನ ಕಣ್ಣಿನಿಂದ ಹೋಗುವುದಿಲ್ಲ." ಶರೋನಳ ಧ್ವನಿ ಏರಲಿಲ್ಲ. "ನಿನ್ನೆ ಮೀಟಿಂಗಿನಲ್ಲಿ ಕೂತು ನೋಡ್ತಾ ಇದ್ದೆ. ಒಂದೂವರೆ ಗಂಟೆ ಬ್ಯಾಗು ಆ ಮನೆಯಿಂದ ಅಲ್ಲಾಡಲಿಲ್ಲ."

"ಫೋನ್ ಮಾಡಬಹುದಿತ್ತಲ್ಲ."

"ನೀನೇ ಹೇಳ್ತಿ ಅಂತ ಕಾದೆ. ಸಂಜೆಯವರೆಗೆ ಕಾದೆ. ನೀನು ಗಾಳಿಯ ಕಥೆ ಹೇಳಿದೆ, ಟೋಪಿಯ ಕಥೆ ಹೇಳಿದೆ. ಅವರೂ ಹಾಗೆಯೇ ಹೇಳಿದ್ದಲ್ವಾ, ಕೊಟ್ಟಿಲ್ಲ ಅಂತ?"

ಆಂಜೆಲಾ ಬಾಯಿ ಮೇಜಿನ ಮೇಲಿದ್ದದ್ದನ್ನು ಒಂದೊಂದಾಗಿ ಬ್ಯಾಗಿಗೆ ತುಂಬತೊಡಗಿದರು. ಸಿಟ್ಟು ಬಂದಿತ್ತು, ಆದರೆ ಸಿಟ್ಟಿಗೆ ನಿಲ್ಲಲು ಜಾಗವಿರಲಿಲ್ಲ.

ಸೋಮವಾರದಿಂದ ಮಣಿಪಾಲದ ಶಿಶುವಿಹಾರಕ್ಕೆ ಮಗುವನ್ನು ಬಿಡುವುದೆಂದು ಶರೋನ್ ಆಗಲೇ ತೀರ್ಮಾನಿಸಿದ್ದಳು. ಅಲ್ಲಿಯವರೆಗೆ ಇರುತ್ತೇನೆ ಎಂದರು ಆಂಜೆಲಾ ಬಾಯಿ. ಇದ್ದರು. ಆದರೆ ಮಗುವನ್ನು ಹೊರಗೆ ಕರೆದುಕೊಂಡು ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಶರೋನ್ ಕೆಲಸಕ್ಕೆ ಹೋದ ಮೇಲೆ ಕಾರ್ಲ್‌ನ ಫೋನ್ ಬಂತು.

"ಮಮ್ಮಿ, ಬುಧವಾರ ನಾನು ನೋಡಿದೆ. ಅಮ್ಮನ ಮನೆಯಲ್ಲಿ ಏವಾ ಇರುವುದನ್ನು ನೋಡಿ ಇಲ್ಲಿ ಒಬ್ಬನೇ ಕೂತು ಅತ್ತುಬಿಟ್ಟೆ. ನೀವು ಮಾಡಿದ್ದು ದೊಡ್ಡ ಉಪಕಾರ."

"ಅದನ್ನು ನಿನ್ನ ಹೆಂಡತಿಗೆ ಹೇಳಿದೆಯಾ?"

ಅವನು ಏವಾ ಮಲಗಿದ್ದಾಳಾ ಎಂದು ಮಾತು ತಿರುಗಿಸಿದ. ಆಂಜೆಲಾ ಬಾಯಿಗೆ ಏನೋ ಹೊಳೆಯಿತು.

"ಕಾರ್ಲ್, ನಿನ್ನ ತಾಯಿ ನನಗೆ ಫೋನ್ ಮಾಡಿದ್ದು ನಿನಗೆ ಗೊತ್ತಿತ್ತಾ?"

"ನಾನೇ ಮಾಡಲು ಹೇಳಿದ್ದು, ಮಮ್ಮಿ. ಶರೋನಳ ಹತ್ತಿರ ಕೇಳಿದರೆ ಜಗಳ ಆಗ್ತದೆ. ನಿಮ್ಮ ಮನಸ್ಸು ಮೆತ್ತಗೆ, ನೀವು ಇಲ್ಲ ಅನ್ನುವುದಿಲ್ಲ ಅಂತ..."

ಆಂಜೆಲಾ ಬಾಯಿ ಕುರ್ಚಿಯಲ್ಲಿ ಕೂತರು. ತಮ್ಮದೇ ಕರುಣೆ, ತಮ್ಮದೇ ನಿರ್ಧಾರ ಎಂದುಕೊಂಡಿದ್ದರು. ಬ್ಯಾಗಿನಲ್ಲಿ ಬಿಲ್ಲೆ ಇದೆಯೆಂದೂ, ಹೋದರೆ ಮಗಳಿಗೆ ತಿಳಿಯುತ್ತದೆಂದೂ ಗೊತ್ತಿದ್ದವನೇ ಅವರನ್ನು ಅಲ್ಲಿಗೆ ಕಳಿಸಿದ್ದ. ತಾನು ಹೆಂಡತಿಗೆ ಹೇಳಬೇಕಾಗಿದ್ದ ಮಾತಿಗೆ ಅವರನ್ನು ಮುಂದೆ ಮಾಡಿದ್ದ.

"ನಿನಗೆ ತಾಯಿ ಬೇಕು, ಹೆಂಡತಿಯ ಬೈಗುಳ ಬೇಡ," ಎಂದರು. "ಭಾನುವಾರದೊಳಗೆ ನೀನೇ ಅವಳಿಗೆ ಹೇಳು. ಇಲ್ಲದಿದ್ದರೆ ನಾನು ಹೇಳ್ತೇನೆ. ಇನ್ನು ಸುಳ್ಳು ನನ್ನಿಂದ ಆಗುವುದಿಲ್ಲ."

ಶನಿವಾರ ಅವನು ಹೇಳಿದ. ಶರೋನ್ ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದಳು. ಹೊರಗೆ ಬಂದಾಗ ಕಣ್ಣು ಊದಿಕೊಂಡಿತ್ತು. ತಾಯಿಯ ಮುಖ ನೋಡಿದಳು, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಭಾನುವಾರ ಚರ್ಚಿನ ಪೂಜೆ ಮುಗಿಸಿ ಕ್ಲಾಯ್ಡ್ ಬಂದು ಆಂಜೆಲಾ ಬಾಯಿಯನ್ನು ಕಾಪುವಿಗೆ ಕರೆದುಕೊಂಡು ಹೋದ.

ಮೂರು ವಾರದ ನಂತರ ಒಂದು ಭಾನುವಾರ ಶರೋನ್ ಮಗುವನ್ನು ಎತ್ತಿಕೊಂಡು ಕಾಪುವಿಗೆ ಬಂದಳು. ಶಿಶುವಿಹಾರದಲ್ಲಿ ಏವಾಳಿಗೆ ಎರಡು ಸಲ ಶೀತವಾಗಿತ್ತು. ಡೈಪರ್ ಹೊತ್ತಿಗೆ ಸರಿಯಾಗಿ ಬದಲಿಸದೆ ತೊಡೆ ಕೆಂಪಾಗಿತ್ತು. ಆಂಜೆಲಾ ಬಾಯಿ ತೊಳೆದು, ಒರೆಸಿ, ಗಾಳಿಯಾಡಲು ಹಾಗೇ ಬಿಟ್ಟರು. ಮಗು ಚಾಪೆಯ ಮೇಲೆ ಕಾಲು ಬಡಿಯುತ್ತ ನಕ್ಕಿತು.

"ವಾಪಸು ಬಾ ಮಮ್ಮಿ," ಎಂದಳು ಶರೋನ್. "ಬ್ಯಾಗಿನ ಆ ಬಿಲ್ಲೆಯನ್ನು ತೆಗೆದೇಬಿಟ್ಟಿದ್ದೇನೆ."

"ತೆಗೆದಿದ್ದೀಯಾ ಇಲ್ಲವಾ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ನಾನು ಹೇಳ್ತೇನಲ್ಲ."

"ನಾನೂ ಬೀಚಿಗೆ ಹೋಗಿದ್ದೆ ಅಂತ ಹೇಳಿದ್ದೆ."

ಶರೋನಳ ಕಣ್ಣು ತುಂಬಿತು. ಆಂಜೆಲಾ ಬಾಯಿ ಕೈ ಚಾಚಿ ಮಗಳ ಬೆನ್ನು ಸವರಿದರು, ಆದರೆ ಬರುತ್ತೇನೆ ಎನ್ನಲಿಲ್ಲ.

"ಭಾನುವಾರ ಮಗುವನ್ನು ಇಲ್ಲಿಗೆ ತಾ. ನಾನು ನೋಡಿಕೊಳ್ತೇನೆ, ನೀನು ಮಲಗು. ನನ್ನಿಂದ ಈಗ ಅಷ್ಟೇ ಆಗುವುದು. ಮುಂದೆ ನೋಡುವ."

ಶರೋನ್ ತಲೆಯಾಡಿಸಿದಳು. ಆಮೇಲೆ, ಬೇರೆ ಕಡೆ ನೋಡುತ್ತ ಕೇಳಿದಳು, "ಅವರ ಆಪರೇಶನ್ ಹೇಗಾಯಿತಂತೆ?"

"ಒಳ್ಳೆಯದಾಯಿತಂತೆ. ನಾನು ಹೋಗಿ ನೋಡಿ ಬಂದೆ. ಗುರುವಾರ, ಬಸ್ಸಿನಲ್ಲಿ. ನಿನಗೆ ಹೇಳಬೇಕು ಅಂತ ಹೇಳ್ತಾ ಇದ್ದೇನೆ."

ಶರೋನ್ ಮಗುವನ್ನು ತಾಯಿಯ ಬಳಿಯೇ ಬಿಟ್ಟು ಒಳಗಿನ ಕೋಣೆಗೆ ಹೋಗಿ, ತನ್ನ ಹಳೆಯ ಮಂಚದ ಮೇಲೆ, ಕಿಟಕಿಯ ಕಡೆ ಮುಖಮಾಡಿ ಮಲಗಿದಳು.