ಒಂಬತ್ತನೇ ಮೂಳೆಯಲ್ಲಿ ನಾನು

ಸತ್ತವರ ಜೊತೆ ಕೆಲಸ ಮಾಡುವವರಿಗೆ ಮಾತು ಕಡಿಮೆ ಎಂದು ಜನ ತಿಳಿದಿದ್ದಾರೆ. ಅವರು ನಮ್ಮ ಮುಖ್ಯಸ್ಥೆಯನ್ನು ನೋಡಿಲ್ಲ. ಪ್ರಯೋಗಾಲಯದ ನೆಲವನ್ನು ಎಷ್ಟು ಒರೆಸಿದರೂ ತೃಪ್ತಿಯಿಲ್ಲದ ಆಕೆಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಫಿನಾಯಿಲ್ ಮೇಡಂ. ಅವತ್ತು ಮೇಡಂ ನನ್ನನ್ನು ಎಲ್ಲರೆದುರು ನಿಲ್ಲಿಸಿ ತರಾಟೆಗೆ ತೆಗೆದುಕೊಂಡರು.

"ಮಾಸ್ಕ್ ಮೂಗಿನ ಕೆಳಗೆ ಜಾರಿಸ್ಕೊಂಡು ಕೆಲಸ ಮಾಡಿದ್ರೆ ಇನ್ನೇನಾಗತ್ತೆ? ಒಂಬತ್ತನೇ ಮೂಳೆಯಲ್ಲಿ ಬಂದಿರೋದು ನಿನ್ನ ಡಿಎನ್ಎ!"

ನಮ್ಮಲ್ಲಿ ಕೆಲಸಕ್ಕೆ ಸೇರಿದ ದಿನವೇ ಪ್ರತಿಯೊಬ್ಬರ ಉಗುಳು ತೆಗೆದು, ಡಿಎನ್ಎ ಗುರುತನ್ನು ಕಂಪ್ಯೂಟರಿಗೆ ಹಾಕಿಡುತ್ತಾರೆ. ಹಳೆಯ ಮೂಳೆಯಲ್ಲಿ ಉಳಿದಿರುವುದೇ ಚೂರುಪಾರು. ನಮ್ಮದೊಂದು ಸೀನು ಸಾಕು, ಸತ್ತವನು ಮರೆಯಾಗಿ ನಾವೇ ಕಾಣುತ್ತೇವೆ. ಹಾಗಾಗಿ ಯಾವ ಫಲಿತಾಂಶ ಬಂದರೂ ಮೊದಲು ಸಿಬ್ಬಂದಿಯ ಗುರುತಿನ ಜೊತೆ ಹೋಲಿಸುವುದು ನಿಯಮ. ಹೊಂದಿತೋ, ಅದು ಕಲಬೆರಕೆ. ಫಲಿತಾಂಶ ಕಸದ ಬುಟ್ಟಿಗೆ. ಅದರಲ್ಲಿ ಎರಡನೇ ಮಾತಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕದಿಯದ ನಾನೂ ಮಾಸ್ಕ್ ಮುಟ್ಟಿ ನೋಡಿಕೊಂಡೆ. ಅದು ಇರಬೇಕಾದಲ್ಲೇ ಇತ್ತು.

ಆ ಮೂಳೆಗಳು ಬಂದದ್ದು ಊರಾಚೆಯ ಹಳೆಯ ಸುರಂಗದಿಂದ. ಒಬ್ಬೊಬ್ಬರ ಮೂಳೆಗೂ ಒಂದೊಂದು ಸಂಖ್ಯೆ, ಒಂಬತ್ತನೆಯವರಿಂದ ನಾನು ಕೊರೆದದ್ದು ದವಡೆಯ ಒಂದು ಹಲ್ಲು. ಅಮ್ಮ ಪುಟ್ಟ ಹುಡುಗಿಯಾಗಿದ್ದಾಗ ಅದನ್ನು ಕೊರೆಯುತ್ತಿದ್ದರಂತೆ, ಒಂದು ಬೆಳಿಗ್ಗೆ ಕುಸಿಯಿತು. ಒಳಗೆ ಯಾರು ಯಾರಿದ್ದರೆಂದು ಗುತ್ತಿಗೆದಾರನಿಗೇ ಗೊತ್ತಿರಲಿಲ್ಲ, ದಿನಗೂಲಿಯವರಿಗೆ ಹಾಜರಿ ಎಲ್ಲಿಯದು? ಮನೆಮನೆಗೆ ಹೋಗಿ ಕೇಳಿದರು. ಮನೆಯವರು ಯಾರ ಹೆಸರು ಹೇಳಿದರೋ ಅವರ ಹೆಣಗಳಷ್ಟನ್ನು ಅಗೆದು ತೆಗೆದು, ಸುರಂಗಕ್ಕೆ ಸಿಮೆಂಟ್ ಹಾಕಿ ಮುಚ್ಚಿದರು. ಈಗ ರಸ್ತೆ ಅಗಲ ಮಾಡಲು ಒಡೆದಾಗ ಕೇಳುವವರಿಲ್ಲದೆ ಒಳಗೇ ಉಳಿದವರು ಸಿಕ್ಕಿದರು. ಗುರುತು ಸಿಕ್ಕವರನ್ನು ಮನೆಯವರಿಗೆ ಕೊಡುವುದು, ಸಿಗದವರನ್ನು ತಿಂಗಳ ಕೊನೆಗೆ ಒಂದೇ ಗುಂಡಿಗೆ ಹಾಕುವುದು ಎಂದು ಸರ್ಕಾರ ತೀರ್ಮಾನಿಸಿತ್ತು. ನಾಪತ್ತೆಯಾದವರ ಸಂಬಂಧಿಕರು ಬಂದು ಉಗುಳು ಕೊಡಿ ಎಂದು ಊರಿಡೀ ಸಾರಿದರು.

ನನಗೂ ಒಬ್ಬ ಸೋದರಮಾವ ಇದ್ದ. ಆ ಸುರಂಗ ಕುಸಿದ ದಿನವೇ ಅಜ್ಜಿಯ ಜೊತೆ ಜಗಳ ಮಾಡಿ "ಇನ್ನು ಈ ಹೊಸಿಲು ತುಳಿಯಲ್ಲ" ಎಂದು ಹೋದವನು ತಿರುಗಿ ಬರಲಿಲ್ಲ. ಅಜ್ಜ ಸುರಂಗದ ಧೂಳು ಕುಡಿದೇ ಸತ್ತಿದ್ದರಿಂದ ಮಗ ಆ ಕಡೆ ತಲೆಯಿಟ್ಟೂ ಮಲಗಬಾರದು ಎಂದು ಅಜ್ಜಿಯ ಕಟ್ಟಪ್ಪಣೆ. ಅವನು ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಎಲ್ಲೋ ಹೆಂಡತಿ ಮಕ್ಕಳ ಜೊತೆ ಸುಖವಾಗಿದ್ದಾನೆ ಎಂದು ಅಜ್ಜಿ ಸಾಯುವವರೆಗೂ ಹಿಡಿಶಾಪ ಹಾಕಿದಳು. ಕೊನೆಯ ದಿನಗಳಲ್ಲಿ ನನ್ನ ಹೆಸರು ಮರೆತಿದ್ದಳು, ಶಾಪ ಮರೆತಿರಲಿಲ್ಲ.

"ಅಮ್ಮಾ, ನೀನೂ ಒಂದ್ಸಲ ಬಂದು ಉಗುಳು ಕೊಡಬಹುದಲ್ಲ?" ಎಂದು ನಾನು ಕೇಳಿದ್ದೆ. ಅಮ್ಮ ತೊಳೆಯುತ್ತಿದ್ದ ಪಾತ್ರೆಯನ್ನು ಕುಕ್ಕಿದಳು. "ಓಡಿಹೋದವನು ಸುರಂಗದಲ್ಲಿ ಯಾಕಿರ್ತಾನೆ? ಸುಮ್ನೆ ನಿನ್ನ ಕೆಲಸ ನೀನು ನೋಡ್ಕೋ."

ನೋಡಿಕೊಂಡೆ. ಬೈದ ದಿನವೇ ಮೇಡಂ ನನ್ನನ್ನು ಮೂಳೆ ಕೋಣೆಯಿಂದ ಹೊರಗೆ ಹಾಕಿ, ಕೆಳಗಿನ ಮಹಡಿಯಲ್ಲಿ ಗಾಜಿನ ನಳಿಗೆ ತೊಳೆಯಲು ಕೂರಿಸಿದರು. ಇಷ್ಟು ವರ್ಷ ಓದಿ ಪಾತ್ರೆ ತಿಕ್ಕುವುದಕ್ಕೆ ಬಂದೆನಲ್ಲ ಎಂದು ಹೊಟ್ಟೆಯುರಿಯಿತು. ಅದಕ್ಕಿಂತ ದೊಡ್ಡ ಉರಿ ಇನ್ನೊಂದಿತ್ತು. ನನ್ನಿಂದಾಗಿ ಯಾರದೋ ಮನೆಯ ಮಗ ಗುಂಡಿಗೆ ಬೀಳುತ್ತಾನೆ, ಅವನ ಮನೆಯವರು ಇನ್ನೂ ಬಾಗಿಲು ನೋಡುತ್ತ ಕೂತಿರುತ್ತಾರೆ.

ಮೇಡಂ ಬೈದು ಸುಮ್ಮನಾಗುವವರಲ್ಲ. ಅದೇ ದವಡೆಯ ಇನ್ನೊಂದು ಹಲ್ಲನ್ನು ತಾವೇ ಕಿತ್ತು, ತಾವೇ ಕೊರೆದು, ಪುಡಿ ಮಾಡಿ, ಮೊದಲಿಂದ ಪರೀಕ್ಷೆ ಮಾಡಿದರು. ನಾನು ಆ ಮಹಡಿಗೇ ಹತ್ತಿರಲಿಲ್ಲ. ಆದರೂ ಬಂದದ್ದು ನನ್ನದೇ ಗುರುತು.

ಮೇಡಂ ಕೆಳಗಿಳಿದು ಬಂದರು. ಬೈಗುಳಕ್ಕೆ ಸಿದ್ಧಳಾಗಿ ಎದ್ದು ನಿಂತೆ. ಅವರು ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು.

"ನಾವು ಮೊದಲು ನೋಡಿದ್ದು ತಾಯಿಯಿಂದ ಮಕ್ಕಳಿಗೆ ಬರೋ ಡಿಎನ್ಎ ಮಾತ್ರ. ಅದು ನಿನಗೂ ನಿನ್ನಮ್ಮನಿಗೂ ಒಂದೇ, ನಿನ್ನಜ್ಜಿ ಹೆತ್ತ ಎಲ್ಲರಿಗೂ ಒಂದೇ. ಈ ಸಲ ಗಂಡೋ ಹೆಣ್ಣೋ ಅಂತಾನೂ ನೋಡಿದೆ. ಒಂಬತ್ತನೆಯವನು ಗಂಡಸು. ನೀನಂತೂ ಗಂಡಸಲ್ಲ." ಮೆಲ್ಲಗೆ ಕೇಳಿದರು. "ನಿಮ್ಮ ತಾಯಿ ಕಡೆ ಯಾರಾದರೂ ಕಾಣೆಯಾಗಿದ್ರೇನಮ್ಮಾ?"

ನಾವೆಲ್ಲ ಸೇರಿ ಕಲಬೆರಕೆ ಎಂದು ಕಸಕ್ಕೆ ಹಾಕಿದ್ದು ನನ್ನ ಮಾವನನ್ನು. ಪರರ ಮನೆಯ ಸತ್ತವರನ್ನು ಹುಡುಕಿಕೊಡುವ ನನಗೆ ನನ್ನವನ ಹಲ್ಲನ್ನು ಕೈಯಲ್ಲಿ ಹಿಡಿದೂ ತಿಳಿಯಲಿಲ್ಲ. ಅಳು ಬಂತು, ಮೇಡಂ ಎದುರೇ ಅತ್ತೆ. ಅವರು ಟಿಶ್ಯೂ ಪೇಪರ್ ಕೊಟ್ಟರು, ಆಮೇಲೆ ಮೇಜನ್ನೂ ಒರೆಸಿದರು.

ಮನೆಯವರಿಗೆ ಒಪ್ಪಿಸಬೇಕಾದರೆ ಒಡಹುಟ್ಟಿದವಳ ಉಗುಳು ಬೇಕು. ನಳಿಗೆ ಚೀಲದಲ್ಲಿಟ್ಟುಕೊಂಡು ಮನೆಗೆ ಹೋದೆ. ದಾರಿಯುದ್ದಕ್ಕೂ ನನಗಿದ್ದದ್ದು ಒಂದೇ ಯೋಚನೆ. ತನ್ನಣ್ಣ ಓಡಿಹೋಗಿರಲಿಲ್ಲ ಎಂದು ತಿಳಿದರೆ, ಅಷ್ಟು ವರ್ಷ ಅವನನ್ನು ಶಪಿಸಿದ ಮನೆಯಲ್ಲಿ ಬೆಳೆದ ಅಮ್ಮ ತಡೆದುಕೊಂಡಾಳೇ? ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಬಾಗಿಲಲ್ಲೇ ಹೇಳಿಬಿಟ್ಟೆ.

ಅಮ್ಮ ಅಳಲಿಲ್ಲ. "ಯಾರು?" ಎಂದೂ ಕೇಳಲಿಲ್ಲ. ಮಂಚದ ಅಂಚಿಗೆ ಕೂತು, ಮೊಣಕಾಲು ನೀವಿಕೊಂಡಳು.

"ಸಿಕ್ಕೇಬಿಟ್ಟ, ಅಲ್ವಾ" ಎಂದಳು.

"ಅಮ್ಮಾ, ನಿಂಗೆ ಗೊತ್ತಿತ್ತಾ?"

"ಮಿಲ್ಲಿನ ಕೆಲಸ ಬಿಟ್ಟು ಸುರಂಗಕ್ಕೆ ಹೋಗ್ತಿದ್ದ. ನಂಗೊಬ್ಬಳಿಗೇ ಗೊತ್ತಿತ್ತು. ಅಮ್ಮನ ಹತ್ರ ಬಾಯಿ ಬಿಟ್ರೆ ನನ್ನಾಣೆ ಅಂದಿದ್ದ. ಸುರಂಗದ ಕಡೆಯೋರು ಬಾಗಿಲಿಗೆ ಬಂದು ಕೇಳಿದಾಗ ನಮ್ಮಮ್ಮ, 'ನಮ್ಮೋರು ಯಾರೂ ಅಲ್ಲಿಗೆ ಹೋಗಲ್ಲ' ಅಂದ್ಲು. ನಾನು ಅವಳ ಹಿಂದೇನೇ ನಿಂತಿದ್ದೆ. ಪಿಟ್ಟೆನ್ನಲಿಲ್ಲ."

"ಆಮೇಲಾದ್ರೂ ಹೇಳಬಹುದಿತ್ತಲ್ಲಮ್ಮಾ..."

"ಆಮೇಲೆ ಅಂದ್ರೆ ಯಾವಾಗ? ಸಿಮೆಂಟ್ ಹಾಕಿದ ಮೇಲಾ? ಅಮ್ಮ ಶಾಪ ಹಾಕೋಕೆ ಶುರು ಮಾಡಿದ ಮೇಲಾ? ಎಲ್ಲೋ ಬದುಕಿದಾನೆ ಅಂತ ಅವಳು ಬೈಕೊಂಡೇ ಇರ್ಲಿ ಅನ್ನಿಸ್ತು."

ಅಮ್ಮನ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಅಜ್ಜಿಯ ನೆನಪಾಗಿ ಬಂದ ಸಿಟ್ಟು. ಆದರೆ ಎದುರಿಗೆ ಕೂತಿದ್ದವಳ ಮುಖ ನೋಡಿದರೆ, ಅಣ್ಣನ ಆಣೆಗೆ ಹೆದರಿದ ಆ ಪುಟ್ಟ ಹುಡುಗಿಯೇ ಕಂಡಳು.

"ಹೇಗಿದ್ದ?" ಎಂದು ಕೇಳಿದಳು. "ಕಲ್ಲು ಬಿದ್ದು ತಕ್ಷಣ ಹೋಗಿದ್ನಾ?"

ಅಗೆದವರು ತೆಗೆದ ಫೋಟೊ ನಾನು ನೋಡಿದ್ದೆ. ಹೌದು ಎಂದುಬಿಡೋಣ ಎನ್ನಿಸಿತು. ಆದರೆ ಈ ಮನೆಯಲ್ಲಿ ಮುಚ್ಚಿಟ್ಟದ್ದು ಸಾಕಾಗಿತ್ತು.

"ಇಲ್ಲಮ್ಮ. ಬೇರೆಯವರೆಲ್ಲ ಕಲ್ಲಿನಡಿ ಇದ್ರು. ಮಾವನ ಮೇಲೆ ಏನೂ ಬಿದ್ದಿರಲಿಲ್ಲ. ಒಂದು ಮೂಳೇನೂ ಮುರಿದಿಲ್ಲ. ಗೋಡೆಗೆ ಒರಗಿ, ಹೊರಗಿನ ದಾರಿ ಕಡೆ ಮುಖ ಮಾಡಿ ಕೂತಿದ್ದ."

ಅಮ್ಮ ನಳಿಗೆಗಾಗಿ ಕೈ ಚಾಚಿದಳು.

"ಕೂತೇ ಇರ್ತಾನೆ ಮತ್ತೆ" ಎಂದಳು. "ತಾನೆಲ್ಲಿದೀನಿ ಅಂತ ತಂಗಿಗೆ ಗೊತ್ತಲ್ಲ, ಹೇಳೇ ಹೇಳ್ತಾಳೆ ಅಂತ ಕಾಯ್ತಾ ಇದ್ದ."